ಇವರು ಅವರೇನಾ?

ಮೈಲಾಪೂರ್, ಮದರಾಸು
೧೪ ಜುಲೈ ೧೯೮೫, ಭಾನುವಾರ

ಪ್ರೀತಿಯ ಜಲೂ,

ಅಮ್ಮನ ಆಶೀರ್ವಾದಗಳು. ಹೇಗಿದ್ದೀಯ? ಕೆಮ್ಮು ಪೂರ್ತಿ ಹೋಯಿತೇ? ಹೋದ ಕಾಗದದಲ್ಲಿ ನೀನು ಕೆಮ್ಮಿನ ವಿಚಾರ ಒಂದೇ ಸಾಲು ಬರೆದು, ಉಳಿದ ನಾಲ್ಕು ಹಾಳೆಯನ್ನೂ ನಿನ್ನ ಸಂಶೋಧನೆಗೇ ಕೊಟ್ಟುಬಿಟ್ಟಿದ್ದೆ. ಸ್ವೀಡನ್ನಿನಲ್ಲಿ ಈಗ ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ ಅಂದಿದ್ದೀಯ. ಬೆಳಕಿದೆ ಅಂತ ಓದುತ್ತ ಕೂರಬೇಡ, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿಕೊಂಡು ಮಲಗು. ಮೆಣಸಿನ ಪುಡಿ ಮುಗಿದಿದ್ದರೆ ಬರಿ. ಅಜ್ಜಿ ಚೆನ್ನಾಗಿದ್ದಾರೆ. ಕಣ್ಣಿನ ಪೊರೆ ಇನ್ನೂ ಬಲಿತಿಲ್ಲ, ಈಗಲೇ ತೆಗೆಯುವುದು ಬೇಡ ಎಂದು ಡಾಕ್ಟರು ಹೇಳಿದ್ದಾರೆ. ಎಲ್ಲವೂ ಮಸುಕಾಗಿ ಕಾಣುತ್ತದೆ, ಆದರೂ ಕಾಫಿಯಲ್ಲಿ ಡಿಕಾಕ್ಷನ್ ಕಮ್ಮಿಯಾದರೆ ಲೋಟ ನೋಡಿಯೇ ಹೇಳುತ್ತಾರೆ. ನೀರಿಗೆ ಎಂದಿನ ಪರದಾಟವೇ, ಬೀದಿಗೆ ಲಾರಿ ಬಂದಾಗ ಕೊಡ ಹಿಡಿದು ಓಡುವುದು. ಆಫೀಸಿನಲ್ಲಿ ನನಗೆ ಎಲೆಕ್ಟ್ರಿಕ್ ಟೈಪ್‌ರೈಟರ್ ಕೊಟ್ಟಿದ್ದಾರೆ. ಬೆರಳು ಇಟ್ಟರೆ ಸಾಕು ಅಕ್ಷರ ಬಿದ್ದುಬಿಡುತ್ತದೆ, ನನಗೆ ಅದರ ಭಯವೇ ಇನ್ನೂ ಹೋಗಿಲ್ಲ.

ಇಷ್ಟು ಬರೆದು ಎದ್ದು ಹೋಗಿ ಪಾತ್ರೆ ತೊಳೆದು ಬಂದೆ. ವಿಷಯಕ್ಕೆ ಬರಲು ಧೈರ್ಯ ಸಾಲುತ್ತಿಲ್ಲ. ನಿನ್ನ ದೊಡ್ಡಪ್ಪ ಟ್ರಂಕ್ ಕಾಲ್ ಮಾಡಿ ಹೇಳೋಣ ಅಂದರು. ನಾನೇ ಬೇಡವೆಂದೆ. ಫೋನಿನಲ್ಲಿ ಕೂಗಿ ಹೇಳುವ ಸುದ್ದಿಯಲ್ಲ ಇದು. ಕೂತುಕೊಂಡು ಓದು. ಯಾರಿಗೂ ಮೈ ಸರಿಯಿಲ್ಲದೆ ಇಲ್ಲ, ಯಾರೂ ಹೋಗಿಲ್ಲ. ಒಬ್ಬರು ಬಂದಿದ್ದಾರೆ.

ಜೂನ್ ಕೊನೆಯ ಶನಿವಾರ. ನಮಗೆ ಅರ್ಧ ದಿನ ಆಫೀಸು. ನುಂಗಂಬಾಕ್ಕಂನಿಂದ ಬಸ್ಸು ಹಿಡಿದು, ದೇವಸ್ಥಾನದ ಟ್ಯಾಂಕಿನ ಹತ್ತಿರ ಇಳಿದು ತರಕಾರಿ ಕೊಂಡು ಮನೆಗೆ ಬಂದರೆ ಬಾಗಿಲ ಹೊರಗೆ ಗಂಡಸಿನ ಚಪ್ಪಲಿ. ಹಿಮ್ಮಡಿ ಸವೆದು ಟೈರಿನ ತುಂಡು ಹೊಡೆದದ್ದು. ಕರೆಂಟ್ ಬಿಲ್ಲಿನವನು ಇರಬೇಕು ಅಂದುಕೊಂಡು ಒಳಗೆ ಬಂದೆ. ಅಡುಗೆಮನೆಯಲ್ಲಿ ಒಬ್ಬರು ಗೋಡೆಗೆ ಒರಗಿ ಕೂತು ಮೊಸರನ್ನ ಉಣ್ಣುತ್ತಿದ್ದರು. ಅಜ್ಜಿ ಎದುರಿಗೆ ಮಣೆ ಹಾಕಿಕೊಂಡು ಕೂತು, ಒಂದು ಕೈಯನ್ನು ಅವರ ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು. ನನ್ನ ಹೆಜ್ಜೆ ಕೇಳಿದ್ದೇ, "ರಮಾ, ಪಂಢರಿ ಬಂದಿದಾನೆ. ಇನ್ನೊಂದು ಸೌಟು ಮೊಸರು ಹಾಕು, ಅನ್ನ ಗಟ್ಟಿಯಾಗಿದೆ" ಅಂದರು. ಮಗ ಕಡೆವೀದಿ ಅಂಗಡಿಗೆ ಹೋಗಿ ಎಲೆ ಅಡಿಕೆ ತಂದ ಹಾಗೆ. ಹನ್ನೆರಡು ವರ್ಷಕ್ಕೆ ಹತ್ತಿರ ಬಂತು ಜಲೂ, ನಿನ್ನ ಅಪ್ಪ ಮನೆ ಬಿಟ್ಟು ಹೋಗಿ. ನಾನು ತರಕಾರಿ ಚೀಲ ಕೆಳಗಿಟ್ಟೆ, ಕೈ ತೊಳೆದೆ, ಮೊಸರು ಹಾಕಿದೆ. ಬೇರೆ ಏನು ಮಾಡಬೇಕು ಅಂತ ನನಗೆ ಹೊಳೆಯಲಿಲ್ಲ.

ಅವರು ತಲೆಯೆತ್ತಿ "ರಮಾ" ಅಂದರು. ನೀನೇ ಬಲ್ಲೆ, ನಿನ್ನ ಅಪ್ಪ ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. "ಏ ಇವಳೇ", ಇಲ್ಲವೇ "ಜಲೂ, ಅಮ್ಮನ್ನ ಕರಿ". ಅದು ಮೊದಲನೆಯ ಗೊಂದಲ. ಇನ್ನು ರೂಪವೋ, ಹೋಗುವಾಗ ನಲವತ್ತು, ತುಂಬು ಮೈ, ತಲೆತುಂಬ ಕೂದಲು, ದೇವರನಾಮ ಹೇಳಿದರೆ ಮಾಳಿಗೆಮನೆಯವರಿಗೆ ಕೇಳುವ ಗಂಟಲು. ಈಗ ಬಂದವರಿಗೆ ತಲೆ ಬೋಳು, ಬಿಳಿಗಡ್ಡ, ಮುಂದಿನ ಹಲ್ಲು ಒಂದಿಲ್ಲ, ಮೈ ಒಣಗಿ ಕಡ್ಡಿ. ಮಾತು ಗಾಳಿಯ ಹಾಗೆ ಬರುತ್ತದೆ. ನಡುನಡುವೆ "ಹಾಂ", "ಅಚ್ಛಾ" ಅನ್ನುತ್ತಾರೆ. ಹುಬ್ಬಿನ ಮೇಲೆ ಬಾವಿ ರಾಟೆ ಬಡಿದ ಗಾಯದ ಗುರುತು ಇದೆ, ಬಲಗಡೆ. ಆದರೆ ನಿನ್ನ ಅಪ್ಪನಿಗಿದ್ದದ್ದು ಬಲಕ್ಕೋ ಎಡಕ್ಕೋ? ಹದಿನಾಲ್ಕು ವರ್ಷ ಜೊತೆಗಿದ್ದವಳಿಗೆ ನೆನಪಿಲ್ಲ ಅಂದರೆ ನಂಬುತ್ತೀಯಾ? ಮದುವೆ ಫೋಟೋ ತೆಗೆದು ನೋಡಿದೆ. ಎರಡು ಹುಬ್ಬನ್ನೂ ಬಾಸಿಂಗ ಮುಚ್ಚಿದೆ.

ಸಂಜೆಗೆ ದೊಡ್ಡಪ್ಪ ಬಂದರು. ಮಧ್ವರಾಯರ ಸ್ವಭಾವ ನಿನಗೆ ಗೊತ್ತು, ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಹಿ ಹೋಲಿಸಿ ನೋಡಿದವರು. ಬೆತ್ತದ ಕುರ್ಚಿಯಲ್ಲಿ ಕೂತು, ತಮ್ಮನೆಂದು ಬಂದವರನ್ನು ಎದುರಿಗೆ ನಿಲ್ಲಿಸಿಕೊಂಡು, ಒಂದೊಂದಾಗಿ ಕೇಳಿದರು. ಅಪ್ಪನ ತಿಥಿ ಯಾವತ್ತು? ಸರಿಯಾಗಿ ಹೇಳಿದರು. ಚಿಕ್ಕಂದಿನ ಟ್ರಿಪ್ಲಿಕೇನ್ ಮನೆಯಲ್ಲಿ ಮಾಳಿಗೆ ಬಾಡಿಗೆಗಿದ್ದವರು ಯಾರು? ನೆನಪಿಲ್ಲ ಅಂದರು. ನಮ್ಮ ಉಪನಯನ ಎಲ್ಲಾಯ್ತು? "ಕುಂಭಕೋಣ" ಅಂದರು. ದೊಡ್ಡಪ್ಪ ತಟ್ಟನೆ ಎದ್ದು, "ಸಿಕ್ಕಿಬಿದ್ದೆ! ಶ್ರೀರಂಗದಲ್ಲಿ ಆದದ್ದು" ಅಂದರು. ಆಗ ಒಳಗಿನಿಂದ ಅಜ್ಜಿ, "ಮಧ್ವ, ಕುಂಭಕೋಣದಲ್ಲೇ ಕಣೋ ಆಗಿದ್ದು. ನಿನಗೆ ಆವತ್ತು ಜ್ವರ, ಹೊತ್ತುಕೊಂಡು ಹೋಗಿ ಕೂರಿಸಿದ್ವಿ, ನಿನಗೇನು ಗೊತ್ತು" ಅಂದರು. ಪರೀಕ್ಷೆ ಮಾಡಲು ಬಂದವರೇ ಫೇಲಾದರು. ನನಗೆ ನಗು ಬಂತು. ಆದರೆ ಅಳೆಯುವ ಕೋಲೇ ಸರಿಯಿಲ್ಲದಿದ್ದರೆ ಏನನ್ನು ಅಳೆಯುವುದು?

ಎದುರು ಮನೆಯ ಜಯಲಕ್ಷ್ಮೀ ಮಾಮಿ ಒಂದು ಸಲ ಇಣುಕಿ ನೋಡಿ, ಅವರು ಹಿತ್ತಿಲಿಗೆ ಹೋಗುವುದನ್ನು ಕಂಡು, "ಅವರೇದಾನ್ ರಮಾ, ನಡೆ ಮಾರಲೇ ಇಲ್ಲೆ" ಅಂದರು. ಅವರೇ ಅಂತೆ, ನಡಿಗೆ ಬದಲಾಗೇ ಇಲ್ಲವಂತೆ. ನನಗೆ ನಡಿಗೆಯೂ ನೆನಪಿಲ್ಲ. ನಿನ್ನ ಅಪ್ಪ ಯಾವಾಗಲೂ ನನಗಿಂತ ಮುಂದೆ ನಡೆಯುತ್ತಿದ್ದರು, ನಾನು ನಿನ್ನ ಕೈ ಹಿಡಿದುಕೊಂಡು ನೆಲ ನೋಡುತ್ತ ಬರುತ್ತಿದ್ದೆ.

ದೊಡ್ಡಪ್ಪನಿಗೆ ಯಾಕೆ ಇಷ್ಟು ಆತುರ ಅಂದರೆ, ಬರುವ ಅಕ್ಟೋಬರಿಗೆ ಹನ್ನೆರಡು ತುಂಬುತ್ತದೆ. ನೀನು ಇಲ್ಲಿದ್ದಾಗಲೇ ಮಾತಾಗಿತ್ತಲ್ಲ, ಹನ್ನೆರಡು ವರ್ಷ ಸುದ್ದಿಯಿಲ್ಲದವರಿಗೆ ದರ್ಭೆಯಲ್ಲಿ ಗೊಂಬೆ ಮಾಡಿ ಸಂಸ್ಕಾರ ಮಾಡಬೇಕು ಅಂತ. ಪುರೋಹಿತರಿಗೂ ಹೇಳಿಯಾಗಿತ್ತು. ಇವರು ಅವರಲ್ಲದಿದ್ದರೆ ಅದು ನಡೆಯಬೇಕು. ಇವರು ಅವರೇ ಆದರೆ ಬದುಕಿರುವವರಿಗೆ ಹಾಗೆ ಮಾಡಿದ ಪಾಪ. "ನನಗೆ ಪ್ರೂಫ್ ಬೇಕು ರಮಾ. ಅಮ್ಮನ ಮಾತು ಪ್ರೂಫ್ ಅಲ್ಲ, ಅದು ಹೆತ್ತ ಹೊಟ್ಟೆ. ನೀನು ಹೇಳು. ನೀನು ಹೌದಂದ್ರೆ ಹೌದು, ಅಲ್ಲ ಅಂದ್ರೆ ನಾಳೆಯೇ ಹೊರಗೆ ಕಳಿಸ್ತೀನಿ" ಅಂದರು. ನೋಡು ಮಗಳೇ, ಹೌದು ಅಂದರೆ ನನಗೊಬ್ಬ ಗಂಡ. ಅಲ್ಲ ಅಂದರೆ ಅಕ್ಟೋಬರಿಗೆ ನಾನು ವಿಧವೆ. ಒಂದು ಮಾತಿಗೆ ಇಷ್ಟು ಭಾರ ಹಾಕಿ ನನ್ನ ಕೈಗೆ ಕೊಟ್ಟು ಅವರು ಬಸ್ಸು ಹತ್ತಿದರು.

ಆಗ ನಿನ್ನ ಕಾಗದ ತೆಗೆದು ಮತ್ತೆ ಓದಿದೆ. ಬಂದಾಗ ಅದನ್ನು ಅರ್ಧ ಓದಿ, ಮಗು ಖುಷಿಯಾಗಿದೆ ಅಂತ ಮಡಿಸಿಟ್ಟಿದ್ದೆ. ಈಗ ನೋಡಿದರೆ ನೀನು ಅಷ್ಟು ದೂರ ಹೋಗಿ ಗಣಿತದಲ್ಲಿ ಓದುತ್ತಿರುವುದೇ, ಯಾವುದು ಯಾವುದಕ್ಕೆ ಸಮ, ಹಾಗೆನ್ನಲು ಏನು ಬೇಕು ಎನ್ನುವುದನ್ನು. ನನಗೆ ತಿಳಿದ ಹಾಗೆ ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ಎರಡಕ್ಕೆ ಮೂರು ಕೂಡಿಸಿದರೂ ಮೂರಕ್ಕೆ ಎರಡು ಕೂಡಿಸಿದರೂ ಲೆಕ್ಕ ಬಿಡಿಸುತ್ತ ಹೋದರೆ ಐದೇ ಬರುತ್ತದೆ. ಆ ಸಮಕ್ಕೆ ಯಾರ ಸಾಕ್ಷಿಯೂ ಬೇಡ, ಬಿಡಿಸಿದರೆ ತಾನೇ ಕಾಣುತ್ತದೆ. ಆದರೆ ಎಷ್ಟೆಂದು ಗೊತ್ತಿಲ್ಲದ ಎರಡು ಸಂಖ್ಯೆಗಳನ್ನು ಹೇಗೆ ಕೂಡಿಸಿದರೂ ಒಂದೇ ಅನ್ನಬೇಕಾದರೆ, ಬಿಡಿಸುವುದಕ್ಕೆ ಏನೂ ಇಲ್ಲ. ಆಗ ಸಾಧಿಸಿ ತೋರಿಸಬೇಕು. ಹಾಗೆ ಸಾಧಿಸಿದ್ದು ನಿಮ್ಮಲ್ಲಿ ಒಂದು ವಸ್ತುವಂತೆ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದೆ ಹೋಗಬೇಕಂತೆ. ಇದನ್ನು ಓದಿದಾಗ ನನಗೆ ಅಜ್ಜಿಯೂ ದೊಡ್ಡಪ್ಪನೂ ಕಣ್ಣ ಮುಂದೆ ಬಂದರು. ಅಜ್ಜಿ ಮುಟ್ಟಿ ನೋಡಿದರು, ಅವರಿಗೆ ಐದು ಬಂತು. ಮುಗಿಯಿತು. ದೊಡ್ಡಪ್ಪ ಸಾಕ್ಷಿ ಎಲ್ಲಿ ಎಂದು ಹುಡುಕುತ್ತಿದ್ದಾರೆ. ನಾನು ಎರಡೂ ಕಡೆ ಇಲ್ಲ.

ಇನ್ನೊಂದು ಕಡೆ ನೀನು ಬರೆದಿದ್ದೆ, ಒಂದೇ ಸಮಕ್ಕೆ ಎರಡು ಬೇರೆ ಸಾಕ್ಷಿ ಸಿಕ್ಕರೆ ಆ ಎರಡು ಸಾಕ್ಷಿಗಳೂ ಒಂದೇ ಅನ್ನಬಹುದೇ ಎಂದು ನಿಮ್ಮ ಪ್ರೊಫೆಸರರೇ ಇನ್ನೂ ಹುಡುಕುತ್ತಿದ್ದಾರೆ ಅಂತ. ಇಲ್ಲಿಯೂ ಅದೇ. ಮಾಮಿ ನಡಿಗೆ ನೋಡಿ ಹೌದಂದರು, ಅಜ್ಜಿ ಮುಟ್ಟಿ ಹೌದಂದರು. ಇಬ್ಬರೂ ಹೇಳಿದ್ದು ಒಂದೇ ಹೌದೇ? ಮಾಮಿಗೆ ಬೇಕಾದದ್ದು ಎದುರು ಮನೆಯ ಪಂಢರಿನಾಥರಾಯರು. ಅಜ್ಜಿಗೆ ಬೇಕಾದದ್ದು ಮಗ. ನನಗೆ ಬೇಕಾದದ್ದು ಯಾರು ಅಂತ ನನಗೇ ಸರಿಯಾಗಿ ಗೊತ್ತಿಲ್ಲ.

ಸಾಕ್ಷಿ ಕೈಗೆ ಬಂದ ಮೇಲೆ ಅದನ್ನು ಎಸೆದು ಎರಡನ್ನೂ ಒಂದೇ ಅಂದುಬಿಡೋಣ ಅನ್ನುವವರು ನಿಮ್ಮಲ್ಲಿ ಕೆಲವರು, ಬೇಡ, ಜೊತೆಗೇ ಇಟ್ಟುಕೊಳ್ಳೋಣ ಅನ್ನುವವರು ಕೆಲವರು ಅಂತಲೂ ಬರೆದಿದ್ದೀಯ. ನೀನು ಯಾವ ಕಡೆ ಅಂತ ಬರೆಯಲಿಲ್ಲ. ಬರಿ. ನನಗೆ ಈಗ ಅದು ಬರೀ ಗಣಿತವಲ್ಲ.

ಇಲ್ಲಿ ಸಾಕ್ಷಿ ಸಿಗುವ ಮೊದಲೇ ಸಾಮಾನು ಸಾಗಿಸಲು ಶುರುವಾಗಿದೆ. ಮೊದಲ ದಿನವೇ ಅಜ್ಜಿ ನಿನ್ನ ಅಪ್ಪನ ಬೆಳ್ಳಿ ಲೋಟ ತೆಗೆಸಿ ಅವರಿಗೆ ಕೊಟ್ಟರು. ಮಾರನೆಯ ದಿನ ಪೆಟ್ಟಿಗೆಯಿಂದ ಪಂಚೆ. ಆಮೇಲೆ ಊಟದ ಸಾಲಿನಲ್ಲಿ ದೇವರಮನೆ ಪಕ್ಕದ ಜಾಗ. ನಾನು ಅಡ್ಡ ಬರಲಿಲ್ಲ. ಆದರೆ ಸಂಜೆ ಹೊತ್ತು ಅಜ್ಜಿ "ಹಾಸಿಗೆ ಎಲ್ಲಿ ಹಾಕ್ತೀಯಮ್ಮ?" ಅಂತ ಕೇಳಿದಾಗ, "ಮುಂದಿನ ಕೋಣೆಯಲ್ಲಿ" ಅಂದೆ. ಅಜ್ಜಿ, "ಶರಿ. ಅಪ್ಪುರಂ, ಆಮೇಲೆ ನೋಡಿಕೊಳ್ಳೋಣ" ಅಂದರು. ಇದು ಅದೇ ಆದರೆ ಅದರದ್ದೆಲ್ಲ ಇದಕ್ಕೆ ಸೇರುತ್ತದೆ, ಆದರೆ ತಾನಾಗಿ ಬರುವುದಿಲ್ಲ, ಸಾಕ್ಷಿಯ ಮೇಲೆ ಹೊತ್ತು ಸಾಗಿಸಬೇಕು ಅಂತ ನಿನ್ನ ಕಾಗದದಲ್ಲಿದೆ. ಲೋಟ, ಪಂಚೆ, ಮಣೆ ಸಾಗಿಸುವುದು ಸುಲಭ. ಹೆಂಡತಿ ಅನ್ನುವವಳನ್ನು ಹೊತ್ತು ಸಾಗಿಸುವವರು ಯಾರು?

ನಾನೂ ಒಂದು ಪರೀಕ್ಷೆ ಮಾಡಿದೆ, ಯಾರಿಗೂ ಹೇಳದೆ. ಬದನೆಕಾಯಿ ಹುಳಿ ಮಾಡಿದೆ. ನಿನ್ನ ಅಪ್ಪನಿಗೆ ಬದನೆಕಾಯಿ ಕಂಡರೆ ಆಗುತ್ತಿರಲಿಲ್ಲ, ನೆನಪಿದೆಯಾ, ತಟ್ಟೆಯನ್ನೇ ದೂರ ತಳ್ಳುತ್ತಿದ್ದರು. ಬಂದವರು ಎರಡು ಸಲ ಹಾಕಿಸಿಕೊಂಡು ಉಂಡರು. ಗೆದ್ದೆ ಅಂದುಕೊಂಡೆ. ಕೈ ತೊಳೆಯಲು ಏಳುವಾಗ ಅವರಾಗಿಯೇ, "ರೈಲ್ವೆ ಸ್ಟೇಷನ್ ಕ್ಯಾಂಟೀನಲ್ಲಿ ದಿನಾ ಇದೇ. ತಿಂದೂ ತಿಂದೂ ಅಭ್ಯಾಸ ಆಗೋಯ್ತು" ಅಂದರು. ಎಲ್ಲದಕ್ಕೂ ಹೀಗೆಯೇ. ಹೊಂದದೆ ಇರುವುದಕ್ಕೆ ಹನ್ನೆರಡು ವರ್ಷ ಕಾರಣ. ಹೊಂದುವುದಕ್ಕೆ, ನಿನ್ನ ಅಪ್ಪನ ಜೊತೆ ಎಲ್ಲೋ ಇದ್ದು ಕೇಳಿ ತಿಳಿದವರು ಇರಬಹುದಲ್ಲ ಅನ್ನುವ ಕಾರಣ. ಎರಡು ಪಕ್ಷಕ್ಕೂ ನಾನೇ ವಕೀಲಳಾಗಿ ಸುಸ್ತಾಗಿದ್ದೇನೆ.

ಹೋದ ಭಾನುವಾರ ನೇರವಾಗಿ ಕೇಳಿದೆ. ಅಜ್ಜಿ ಮಠಕ್ಕೆ ಹೋಗಿದ್ದರು. ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದೆ, ಅವರು ಕಲ್ಲಿನ ಮೇಲೆ ಕೂತಿದ್ದರು. "ಎಲ್ಲಿಗೆ ಹೋಗಿದ್ರಿ? ಯಾಕೆ?" ಅಂದೆ. ಅವರು ಹೇಳಿದರು. "ಡೆಲ್ಲಿಗೆ ಆಫೀಸು ಕೆಲಸಕ್ಕೆ ಹೊರಟಿದ್ದೆ. ಇಟಾರ್ಸಿಯಲ್ಲಿ ಟೀ ಕುಡಿಯೋಕೆ ಇಳಿದೆ. ರೈಲು ಹೊರಟುಹೋಯ್ತು. ಓಡಿದ್ರೆ ಸಿಕ್ತಿತ್ತು. ಓಡಲಿಲ್ಲ." ಮುಂದಿನ ರೈಲಿಗೆ ಬರಬಹುದಿತ್ತಲ್ಲ ಅಂದೆ. "ಬರಬಹುದಿತ್ತು. ಆ ಹೊತ್ತು ಯಾರೂ ನನ್ನನ್ನ ಏನೂ ಕೇಳ್ತಾ ಇರಲಿಲ್ಲ. ಹಾಗೇ ಕೂತೆ. ಸ್ಟೇಷನ್ ಕ್ಯಾಂಟೀನಲ್ಲಿ ಲೋಟ ತೊಳೆಯೋ ಕೆಲಸ ಸಿಕ್ತು. ಆಮೇಲೆ ಬರೋಕೆ ಮುಖ ಇರಲಿಲ್ಲ." ಇಷ್ಟೇ. ಸಾಲವಿಲ್ಲ, ಜಗಳವಿಲ್ಲ, ಸನ್ಯಾಸವಿಲ್ಲ. ನಾವು ಆಸ್ಪತ್ರೆ ಆಸ್ಪತ್ರೆ ಅಲೆದೆವು, ನಿನ್ನ ಮುಖವನ್ನು ಎದೆಗೆ ಒತ್ತಿಕೊಂಡು ಎಷ್ಟೋ ಹೆಣ ನೋಡಿ ಬಂದೆ, ಇವರು ಇಟಾರ್ಸಿಯಲ್ಲಿ ಲೋಟ ತೊಳೆಯುತ್ತಿದ್ದರಂತೆ! ಕೈಯಲ್ಲಿದ್ದ ಒದ್ದೆ ಸೀರೆಯನ್ನು ಅವರ ಮೇಲೆ ಎಸೆದೆ. ಹೌದು, ನಿನ್ನ ಅಮ್ಮನೇ. ಅವರು ಅದನ್ನು ಮೆಲ್ಲಗೆ ಹಿಂಡಿ ಹಗ್ಗದ ಮೇಲೆ ಹಾಕಿದರು.

ಆಮೇಲೆ ಯೋಚಿಸಿದೆ, ಯಾರೋ ದಾರಿಹೋಕನ ಮೇಲೆ ಅಷ್ಟು ಸಿಟ್ಟು ಬರುತ್ತದೆಯೇ? ಅಂದರೆ ನನ್ನ ಸಿಟ್ಟಿಗೆ ಅವರು ಯಾರೆಂದು ಗೊತ್ತಾಯಿತೇ? ಆದರೆ ಸಿಟ್ಟು ಬಂದದ್ದು ಮಾತಿನ ಮೇಲೆ. ಅದೇ ಮಾತನ್ನು ಬೇರೆಯವನು ಬಂದು ಹೇಳಿದ್ದರೂ ಬರುತ್ತಿತ್ತೇನೋ. ಯಾವ ದಾರಿ ಹಿಡಿದರೂ ಹೊರಟಲ್ಲಿಗೇ ಬಂದು ನಿಲ್ಲುತ್ತಿದ್ದೇನೆ. ಆಫೀಸಿನಲ್ಲಿ ಒಂದೇ ಕಾಗದವನ್ನು ಮತ್ತೆ ಮತ್ತೆ ಟೈಪ್ ಮಾಡಿದೆ. ಸೂಪರಿಂಟೆಂಡೆಂಟ್ ಏನಾಯ್ತು ಅಂದರೆ ಊರಿನಿಂದ ನೆಂಟರು ಬಂದಿದ್ದಾರೆ ಅಂದೆ. ಸುಳ್ಳೂ ಅಲ್ಲ, ನಿಜವೂ ಅಲ್ಲ.

ಮತ್ತೊಂದು ವಿಷಯ. ನಿನಗೇ ಹೇಳಬೇಕು, ಬೇರೆ ಯಾರಿಗೆ ಹೇಳಲಿ. ಎಲ್ಲರೂ ಅವರನ್ನೇ ನೋಡುತ್ತಿದ್ದಾರೆ, ಇವರು ಆ ಪಂಢರಿನಾಥನೇನಾ ಅಂತ. ಒಬ್ಬರಾದರೂ ನನ್ನ ಕಡೆ ತಿರುಗಿ, ಈ ರಮಾಬಾಯಿ ಆ ರಮಾಬಾಯಿಯೇನಾ ಅಂತ ಕೇಳಿಲ್ಲ. ಆವತ್ತಿನವಳಿಗೆ ಬಸ್ಸಿನ ನಂಬರು ಗೊತ್ತಿರಲಿಲ್ಲ. ಮೂವತ್ನಾಲ್ಕು ದಾಟಿದ ಮೇಲೆ ಟೈಪಿಂಗ್ ಕಲಿತು, ಇಂಟರ್‌ವ್ಯೂಗೆ ಹೋಗಿ, ನಿನ್ನ ಫೀಸು ಕಟ್ಟಿ, ಮೀನಂಬಾಕ್ಕಂನಲ್ಲಿ ನಿನ್ನನ್ನು ವಿಮಾನ ಹತ್ತಿಸಿ ಒಬ್ಬಳೇ ಬಸ್ಸಿನಲ್ಲಿ ಮನೆಗೆ ಬಂದವಳು ಬೇರೆ. ಅವರು ಹುಡುಕಿಕೊಂಡು ಬಂದದ್ದು ಮೊದಲಿನವಳನ್ನು. ಅವಳು ಇದ್ದಾಳೋ ಇಲ್ಲವೋ, ಅವಳಿಗೂ ದರ್ಭೆಯ ಗೊಂಬೆ ಮಾಡಬೇಕೋ, ತಿಳಿಯದು. ಇದನ್ನು ಓದಿ ಅಳಬೇಡ. ನಾನು ಬರೆಯುವಾಗ ಅಳಲಿಲ್ಲ.

ದೊಡ್ಡಪ್ಪ ನಾಳೆ ಬೆಳಿಗ್ಗೆ ಬರುತ್ತಾರೆ, ಉತ್ತರಕ್ಕೆ. ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ. ನಿನ್ನನ್ನು ಕೇಳಿಕೊಂಡು ಹೇಳೋಣವೆಂದರೆ ನಿನ್ನ ಉತ್ತರ ಬರುವಷ್ಟರಲ್ಲಿ ಆಗಸ್ಟ್ ಆಗುತ್ತದೆ. ನೀನು ಮನಸ್ಸು ಕೆಡಿಸಿಕೊಂಡು ಓದು ಬಿಟ್ಟು ಹೊರಟು ಬರಬೇಡ. ಅಜ್ಜಿ ನಿನಗೆ ಆಶೀರ್ವಾದ ಹೇಳಿದ್ದಾರೆ. ಎಣ್ಣೆ ಹಚ್ಚಿ ಸ್ನಾನ ಮಾಡಬೇಕಂತೆ, ಚಳಿ ಅನ್ನುವ ನೆಪ ಹೇಳಬಾರದಂತೆ. ಮಾಮಿ ವಿಚಾರಿಸಿದ್ದಾರೆ. ರಾಯರು ನಿನ್ನನ್ನು ಕಾಯಲಿ.

ಯಾವಾಗಲೂ ನಿನ್ನವಳೇ ಆದ,
ಅಮ್ಮ
(ರಮಾಬಾಯಿ)

ತಾ.ಕ.: ಸೋಮವಾರ ಬೆಳಿಗ್ಗೆ, ಆಫೀಸಿಗೆ ಹೊರಡುವ ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಓರೆಯಾಗಿದ್ದರೆ ಸಹಿಸಿಕೋ. ಒಗೆಯಲು ಹಾಕೋಣವೆಂದು ಅವರ ಕೈಚೀಲದಿಂದ ಮಾಸಿದ ಬಟ್ಟೆ ತೆಗೆಯುತ್ತಿದ್ದೆ. ತಳದಲ್ಲಿ ನ್ಯೂಸ್‌ಪೇಪರಿನಲ್ಲಿ ಸುತ್ತಿದ, ಚಿಕ್ಕ ಹುಡುಗಿಯ ಒಂದು ಫ್ರಾಕ್ ಸಿಕ್ಕಿತು. ಹೊಚ್ಚ ಹೊಸದು, ಹಳದಿ, ಕತ್ತಿನಲ್ಲಿ ಲೇಸು, ನಾಗಪುರದ ಅಂಗಡಿಯ ಚೀಟಿ ಇನ್ನೂ ಕಿತ್ತಿಲ್ಲ. ಬಂದು ಇಷ್ಟು ದಿನವಾದರೂ ಹೊರಗೆ ತೆಗೆದಿರಲಿಲ್ಲ. ಯಾರಿಗೆ ಇದು ಅಂದೆ. "ಜಲೂಗೆ" ಅಂದರು. "ಅವಳಿಗೆ ಈಗ ಇಪ್ಪತ್ತಮೂರು" ಅಂದೆ. ನನ್ನ ಮುಖವನ್ನೇ ನೋಡಿದರು. ಆಮೇಲೆ ಬೆರಳು ಮಡಿಸಿ ಎಣಿಸಲು ಶುರುಮಾಡಿ, ನಡುವೆ ನಿಲ್ಲಿಸಿ, "ಹೌದಲ್ಲಾ" ಅಂತ ನೆಲದ ಮೇಲೆ ಕೂತುಬಿಟ್ಟರು. ಜಲೂ, ಮೋಸಕ್ಕೆ ಬಂದವನಾಗಿದ್ದರೆ ವರ್ಷ ಎಣಿಸಿಕೊಂಡು ಬಂದಿರುತ್ತಿದ್ದ. ಹನ್ನೊಂದು ವರ್ಷದ ನಿನ್ನನ್ನು ಬಿಟ್ಟು ಹೋದವರು ಮಾತ್ರ ಈ ಅಳತೆಯ ಫ್ರಾಕ್ ತರಲು ಸಾಧ್ಯ.

ದೊಡ್ಡಪ್ಪ ಬಂದಿದ್ದರು. "ಅವರೇ" ಅಂದೆ. ಅಷ್ಟೇ ಹೇಳಿದೆ. ಹಾಸಿಗೆ ಮುಂದಿನ ಕೋಣೆಯಲ್ಲೇ ಇದೆ. ಅಲ್ಲಿಂದ ಮುಂದೆ ನನಗೆ ಏನೂ ತಿಳಿಯುತ್ತಿಲ್ಲ, ತಿಳಿದಾಗ ಬರೆಯುತ್ತೇನೆ. ನಾನು ಹೌದಂದದ್ದು ನನ್ನ ಪಾಲಿಗೆ ಮಾತ್ರ. ನಿನ್ನ ಪರವಾಗಿ ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ನಿನ್ನ ಅಪ್ಪ ನಿನ್ನ ವಿಳಾಸ ಕೇಳುತ್ತಿದ್ದಾರೆ. ಕೊಡಲೇ?